ಬಸ್‌ಗಳಿಗೆ ಸಿಗ್ನಲ್ ಆದ್ಯತೆ

ಅರ್ಥ: ಸಿಗ್ನಲ್ ಸಮೀಪಿಸುವ ಸಾರ್ವಜನಿಕ ಬಸ್ಸನ್ನು ಗುರುತಿಸಿ, ಅದು ಕಾಯುವ ಸಮಯ ತಗ್ಗುವಂತೆ ದೀಪಗಳ ಅವಧಿಯನ್ನು ಹೊಂದಿಸುವ ವ್ಯವಸ್ಥೆ.

ಮುಖ್ಯ ವಿಧಾನಗಳು:
• ಹಸಿರು ವಿಸ್ತರಣೆ: ಬಸ್ ದಾಟುವವರೆಗೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುತ್ತದೆ.
• ಕೆಂಪು ಕಡಿತ: ಕೆಂಪು ದೀಪ ಬೇಗ ಮುಗಿಯುತ್ತದೆ.

ಗುರುತಿಸುವ ಸಾಧನ: ರಸ್ತೆಯಡಿಯ ಸಂವೇದಕ ಅಥವಾ ಬಸ್ಸಿನ ಜಿಪಿಎಸ್.

ಉದಾಹರಣೆ: ಲಂಡನ್. ಅಲ್ಲಿ 'ಐಬಸ್' ವ್ಯವಸ್ಥೆ ಬಸ್ಸಿನ ಸ್ಥಾನ ತಿಳಿಸುತ್ತದೆ. 'ಸ್ಕೂಟ್' ತಂತ್ರಾಂಶ ಸಿಗ್ನಲ್ ಹೊಂದಿಸುತ್ತದೆ.

ಗೊಂದಲ ಬೇಡ: ಆಂಬುಲೆನ್ಸ್‌ಗೆ ಸಿಗ್ನಲ್ ಚಕ್ರವನ್ನೇ ಮುರಿದು ದಾರಿ ಬಿಡಬಹುದು, ಬಸ್ ಆದ್ಯತೆಯಲ್ಲಿ ಸಾಮಾನ್ಯವಾಗಿ ಅವಧಿಯಷ್ಟೇ ಬದಲಾಗುತ್ತದೆ. ಹುಬ್ಬಳ್ಳಿ–ಧಾರವಾಡದ 'ಚಿಗರಿ' ಬಸ್‌ಗಳಿಗಿರುವ ಪ್ರತ್ಯೇಕ ಪಥ ಬೇರೆಯೇ ಕ್ರಮ.

ನೀತಿ: ವಾಹನಗಳಿಗಿಂತ ಜನರ ಸಂಚಾರ ಮುಖ್ಯ ಎಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳು. ಪ್ರಬಂಧ ಪತ್ರಿಕೆಯಲ್ಲಿ ಈ ಅಂಶವನ್ನು ತಪ್ಪದೆ ಬರೆಯಿರಿ.