ಮೊದಲ ಬಾಣಂತನದ ಮಗಳಿಗೆ

ಮೈಂದರ್ಗಿ

ಚಿ. ಸೌ. ಮಗಳಿಗೆ,

ಕೂಸು-ಬಾಣಂತಿ ಇಬ್ಬರೂ ಆರಾಮ ಇದ್ದೀರೆಂದು ನಿಮ್ಮವ್ವ ಹೇಳಿದಳು. ಹಾಲು ಎಷ್ಟು ದಿನ ಕುಡಿಸಬೇಕೆಂದು ಕೇಳಿದ್ದೀಯಂತೆ. ನಿನ್ನಂಥ ಬಾಣಂತಿಯರು ಓಣಿಗೊಬ್ಬರು ಇದ್ದಾರೆ, ಎಲ್ಲರೂ ಓದಲೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆಗೆ ಎರಡು ವರ್ಷದವರೆಗೆ, ಬೇಕಾದರೆ ಇನ್ನೂ ಮುಂದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದನ್ನೇ. ಆದರೆ ಮಹಾರಾಷ್ಟ್ರದಲ್ಲಿರುವ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ದವಾಖಾನೆಯ ಕಾರ್ಡು ಮರಾಠಿಯಲ್ಲಿ, ಮನೆಯ ಹಿರಿಯರ ಮಾತು ಕನ್ನಡದಲ್ಲಿ. ನಡೆಯುವುದು ಮನೆಯ ಮಾತೇ. ಹಾಲು ಎಷ್ಟು ದಿನ ಎಂಬುದನ್ನು ತಾಯಿಯೊಬ್ಬಳೇ ತೀರ್ಮಾನಿಸುವುದಿಲ್ಲ, ದವಾಖಾನೆ, ದುಡಿಮೆ, ಮನೆಮಂದಿ ಎಲ್ಲ ಸೇರಿ ತೀರ್ಮಾನಿಸುತ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆ ದವಾಖಾನೆಯಲ್ಲೇ ಆಗಿದ್ದವು. ಆದರೂ ಮೊದಲ ತಾಸಿನೊಳಗೆ ತಾಯಿ ಹಾಲು ಸಿಕ್ಕಿದ್ದು ನೂರಕ್ಕೆ ಸುಮಾರು 42 ಕೂಸುಗಳಿಗೆ. ಸಿಜೇರಿಯನ್ ಆದರೆ ತಾಯಿ ಒಂದು ಕಡೆ, ಕೂಸು ಒಂದು ಕಡೆ. ಅಷ್ಟರಲ್ಲಿ ಯಾರೋ ಬೆರಳಿಗೆ ಜೇನುತುಪ್ಪ ಹಚ್ಚಿ ನೆಕ್ಕಿಸಿರುತ್ತಾರೆ. ನಿನಗೂ ಆ ತಾಸು ತಪ್ಪಿದ್ದರೆ ಚಿಂತೆ ಮಾಡಬೇಡ, ಈಗ ಮೇಲಿಂದ ಮೇಲೆ ಕುಡಿಸಿದರೆ ಹಾಲು ಬಂದೇ ಬರುತ್ತದೆ.

ಕೂಸು ಅತ್ತಾಗಲೆಲ್ಲ “ಹಾಲು ಸಾಲವಲ್ದು, ಡಬ್ಬಿ ತರ್ರಿ” ಎನ್ನುವವರು ಇದ್ದೇ ಇರುತ್ತಾರೆ. ಕೂಸು ಎಳೆದಷ್ಟೂ ಹಾಲು ಕೂಡುತ್ತದೆ. ಡಬ್ಬಿ ಹಾಲು ಕುಡಿದ ಕೂಸು ಎದೆಗೆ ಬಾಯಿ ಹಾಕುವುದು ಕಡಿಮೆ, ಆಗ ನಿಜವಾಗಿಯೂ ಹಾಲು ಇಳಿಯುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಸಾಲುತ್ತಿದೆ ಎಂದೇ ಅರ್ಥ. ತೊಟ್ಟು ಬಿರಿದು ಉರಿಯುತ್ತಿದ್ದರೆ ಕೂಸು ಬಾಯಿ ಹಾಕಿದ್ದು ಸರಿಯಿಲ್ಲ. ಬಾಯಿ ಅಗಲ ತೆರೆದು, ಸುತ್ತಲಿನ ಕಪ್ಪು ಭಾಗವನ್ನೂ ಹಿಡಿಯಬೇಕು, ಗದ್ದ ಎದೆಗೆ ತಾಗಬೇಕು. ನೋವಾದರೆ ಬಾಯಿಯ ಮೂಲೆಗೆ ಕಿರುಬೆರಳಿಟ್ಟು ಬಿಡಿಸಿ ಮತ್ತೆ ಹಿಡಿಸು.

ಏಪ್ರಿಲ್-ಮೇ ತಿಂಗಳಲ್ಲಿ ಸೋಲಾಪುರದ ಬಿಸಿಲು 40 ಡಿಗ್ರಿ ದಾಟಿದಾಗ “ಕೂಸಿಗಿ ನಾಕ್ ಚಮಚ ನೀರು ಕುಡಸವ್ವಾ” ಎಂಬ ಮಾತು ಬರುತ್ತದೆ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಆರು ತಿಂಗಳೊಳಗಿನ ಕೂಸಿಗೆ ಇನ್ನೆರಡು ಸಲ ಹಾಲು ಕೊಡು, ನೀರನ್ನು ನೀನು ಕುಡಿ.

ಇನ್ನು ದುಡಿಮೆ. ಹೊಲದ ಕೂಲಿಯವಳಿಗೆ ರಜೆ ಕೊಡುವವರಿಲ್ಲ. ಸೋಲಾಪುರದಲ್ಲಿ ಮನೆಯಲ್ಲೇ ಬೀಡಿ ಕಟ್ಟುವವಳಿಗೆ ಎಣಿಕೆಯ ಮೇಲೆ ಕೂಲಿ. ಕೂಸಿಗಾಗಿ ಎದ್ದರೆ ಆ ಹೊತ್ತಿನ ಕೂಲಿ ಹೋಯಿತು. ನಿನ್ನದು ಆಫೀಸಿನ ನೌಕರಿ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಕಾನೂನಿನಲ್ಲಿ, ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವೂ ಇದೆ. ನಾಚದೆ ಕೇಳಿ ಪಡೆದುಕೋ. ಹೊರಡುವ ಮುನ್ನ ಶುಚಿಯಾದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿ ಫ್ರಿಜ್‌ನಲ್ಲಿಡು. ಬಾಟಲಿ ಬೇಡ, ಮನೆಯವರು ಚಮಚದಿಂದ ಕುಡಿಸಲಿ.

ಕೊನೆಯದು, ಹೇಳಲು ಕಷ್ಟದ ಮಾತು. ನಿನ್ನದು ಹೆಣ್ಣುಕೂಸು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಬೇಗ ಹಾಲು ಬಿಡಿಸುತ್ತಾರೆಂದು ಸೀಮಾ ಜಯಚಂದ್ರನ್, ಇಲಿಯಾನಾ ಕುಜಿಯೆಮ್ಕೊ ಎಂಬ ಅರ್ಥಶಾಸ್ತ್ರಜ್ಞೆಯರು 2011ರಲ್ಲಿ ಅಂಕಿಅಂಶಗಳಿಂದ ತೋರಿಸಿದರು. ಹಾಲೂಡಿಸುತ್ತಿದ್ದರೆ ಮತ್ತೆ ಬಸಿರು ನಿಲ್ಲುವುದು ತಡ. ಗಂಡು ಬೇಕೆಂಬ ಅವಸರದ ಬೆಲೆಯನ್ನು ತೊಟ್ಟಿಲಲ್ಲಿರುವ ಮಗಳು ತೆರುತ್ತಾಳೆ. ವರ್ಷ ತುಂಬುವ ಮೊದಲೇ ಬೇವು ಹಚ್ಚಿ ಬಿಡಿಸೆಂದು ಯಾರಾದರೂ ಹೇಳಿದರೆ ಒಪ್ಪಬೇಡ. ಈ ಪತ್ರವನ್ನು ಅಳಿಯಂದಿರಿಗೂ ಓದಲು ಕೊಡು. ತಮ್ಮ ಅವ್ವನಿಗೆ ತಿಳಿಸಿ ಹೇಳುವ ಕೆಲಸ ಅವರದು, ಬಾಣಂತಿಯದಲ್ಲ.

ಇಂತಿ ನಿನ್ನ
ದೊಡ್ಡವ್ವ