ಗಡಿ ದಾಟುವ ವಿದ್ಯೆ: ತುರ್ತು ಚಿಕಿತ್ಸೆಯ ಹಿಂದಿರುವ ಭೌತಶಾಸ್ತ್ರ

ದೋಣಿಮಲೈ ಎಂಬ ಹೆಸರನ್ನು ಕೇಳಿದೊಡನೆ ಯಾರಿಗಾದರೂ ನೆನಪಾಗುವುದು ಕಬ್ಬಿಣದ ಅದುರು. ಸಂಡೂರಿನ ಬೆಟ್ಟಸಾಲಿನ ಈ ಭಾಗದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಗಣಿಯ ಕೆಲಸವನ್ನು ಆರಂಭಿಸಿತು. ಸಿಡಿಮದ್ದಿನಿಂದ ಬಂಡೆಯನ್ನು ಒಡೆಯುವುದು, ದೊಡ್ಡ ಯಂತ್ರಗಳಿಂದ ಅದುರನ್ನು ತೋಡುವುದು, ಇಳಿಜಾರಿನ ದಾರಿಯಲ್ಲಿ ಭಾರವಾದ ಲಾರಿಗಳನ್ನು ನಡೆಸುವುದು, ಇವೆಲ್ಲ ಅಪಾಯವನ್ನು ಬೆನ್ನಿಗೆ ಕಟ್ಟಿಕೊಂಡ ಕೆಲಸಗಳು. ಆದುದರಿಂದಲೇ 1952ರ ಗಣಿ ಕಾಯಿದೆಯು ಪ್ರತಿಯೊಂದು ಗಣಿಯಲ್ಲಿಯೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿರಬೇಕೆಂದೂ, ಅವು ತರಬೇತಿ ಪಡೆದವರ ವಶದಲ್ಲಿರಬೇಕೆಂದೂ, 150ಕ್ಕಿಂತ ಹೆಚ್ಚು ಮಂದಿ ದುಡಿಯುವ ಗಣಿಯಲ್ಲಿ ಪ್ರಥಮ ಚಿಕಿತ್ಸೆಗೆಂದೇ ಒಂದು ಕೋಣೆ ಇರಬೇಕೆಂದೂ ವಿಧಿಸಿತು. ಮುಂದೆ 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಿಂದ 108ರ ಆಂಬುಲೆನ್ಸ್ ಸೇವೆಯು ಮೊದಲಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಹೊತ್ತೊಯ್ಯುವುದಷ್ಟೇ ಅಲ್ಲ, ದಾರಿಯಲ್ಲಿಯೇ ಅವನಿಗೆ ಚಿಕಿತ್ಸೆ ಕೊಡುವ ತಂತ್ರಜ್ಞರ ವೃತ್ತಿಯೊಂದು ಹೀಗೆ ನಮ್ಮ ಹಳ್ಳಿಗಳಿಗೂ ಪರಿಚಯವಾಯಿತು.

ಈ ವೃತ್ತಿಯನ್ನು ಕಲಿತು ಬ್ರಿಟನ್ನಿಗೋ ಆಸ್ಟ್ರೇಲಿಯಕ್ಕೋ ಕೊಲ್ಲಿ ರಾಷ್ಟ್ರಗಳಿಗೋ ಹೋಗಿ ಮುಂದುವರಿಸಬಹುದೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಆಗಾಗ್ಗೆ ಕೇಳುತ್ತಾರೆ. ಇದಕ್ಕೆ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಒಬ್ಬನು ಕಲಿತ ವಿದ್ಯೆಯಲ್ಲಿ ಯಾವ ಭಾಗವು ಅವನೊಂದಿಗೆ ಗಡಿ ದಾಟುತ್ತದೆ? ಯಾವ ಭಾಗವು ಗಡಿಯಲ್ಲಿಯೇ ನಿಂತುಬಿಡುತ್ತದೆ? ಇದನ್ನು ಉದಾಹರಣೆಗಳ ಮೂಲಕ ವಿಚಾರ ಮಾಡೋಣ.

ಎಲ್ಲೆಡೆಯೂ ಒಂದೇ ಆಗಿರುವ ನಿಯಮಗಳು

ಮೊದಲು ಹೃದಯವನ್ನು ತೆಗೆದುಕೊಳ್ಳೋಣ. ಹೃದಯದ ಸ್ನಾಯುಗಳು ವಿದ್ಯುತ್ ಸಂಕೇತಗಳ ಕ್ರಮಕ್ಕೆ ಒಳಪಟ್ಟು ಸಂಕುಚಿಸಿ ರಕ್ತವನ್ನು ಮುಂದಕ್ಕೆ ನೂಕುತ್ತವೆ. ಕೆಲವು ವೇಳೆ ಈ ಕ್ರಮವು ಕೆಟ್ಟು, ಸ್ನಾಯುತಂತುಗಳು ಒಂದಕ್ಕೊಂದು ಹೊಂದಿಕೆಯಿಲ್ಲದೆ ಕಂಪಿಸತೊಡಗುತ್ತವೆ. ಹೃದಯವು ಚಲಿಸುತ್ತಿದ್ದರೂ ರಕ್ತವು ಮುಂದೆ ಸಾಗುವುದಿಲ್ಲ. ಆಗ ಎದೆಯ ಮೂಲಕ ಕ್ಷಣಕಾಲ ಪ್ರಬಲವಾದ ವಿದ್ಯುತ್ತನ್ನು ಹರಿಸಿದರೆ ಎಲ್ಲ ತಂತುಗಳೂ ಒಮ್ಮೆಲೇ ಸ್ತಬ್ಧವಾಗಿ, ಹೃದಯದ ಸ್ವಾಭಾವಿಕ ಲಯವು ಮರಳಿ ಆರಂಭವಾಗುವ ಅವಕಾಶ ದೊರೆಯುತ್ತದೆ. ಈ ಕೆಲಸ ಮಾಡುವ ಯಂತ್ರವೇ ಡಿಫಿಬ್ರಿಲೇಟರ್.

ಇದರ ಹೃದಯಸ್ಥಾನದಲ್ಲಿರುವುದು ಪ್ರಯೋಗಶಾಲೆಯಲ್ಲಿ ನೀವು ನೋಡಿರುವ ಕೆಪಾಸಿಟರ್. ಅದರಲ್ಲಿ ಶೇಖರವಾಗುವ ಶಕ್ತಿಯು ಅದರ ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಬಂದುದರ ಅರ್ಧದಷ್ಟು. 100 ಮೈಕ್ರೋಫ್ಯಾರಡ್ ಧಾರಕತೆಯ ಕೆಪಾಸಿಟರನ್ನು 2,000 ವೋಲ್ಟಿನವರೆಗೆ ತುಂಬಿದರೆ ಶಕ್ತಿಯು 200 ಜೂಲ್ ಆಗುತ್ತದೆ. 20 ಕಿಲೋಗ್ರಾಂ ತೂಕದ ಮೂಟೆಯನ್ನು ಸುಮಾರು ಒಂದು ಮೀಟರ್ ಎತ್ತಲು ಬೇಕಾಗುವ ಶಕ್ತಿಯೂ ಇಷ್ಟೇ. ಅದನ್ನು ಸೆಕೆಂಡಿನ ಕೆಲವೇ ಸಾವಿರಾಂಶಗಳಲ್ಲಿ ಬಿಡುಗಡೆ ಮಾಡುವುದರಲ್ಲಿಯೇ ಯಂತ್ರದ ಸಾಮರ್ಥ್ಯವಿದೆ.

ಈ ಯಂತ್ರವು ಆಸ್ಪತ್ರೆಯಿಂದ ಬೀದಿಗೆ ಬಂದ ಕತೆಯೂ ಸ್ವಾರಸ್ಯವಾಗಿದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು ಕಾರಿನ ಬ್ಯಾಟರಿಗಳಿಂದ ನಡೆಯುವ ಡಿಫಿಬ್ರಿಲೇಟರನ್ನು ಆಂಬುಲೆನ್ಸಿನಲ್ಲಿ ಇರಿಸಿ 1966ರಲ್ಲಿ ಸೇವೆಯನ್ನು ಆರಂಭಿಸಿದರು. ಆ ಯಂತ್ರದ ತೂಕ ಸುಮಾರು 70 ಕಿಲೋಗ್ರಾಂ! ರೋಗಿಯು ಆಸ್ಪತ್ರೆಗೆ ಬರುವವರೆಗೆ ಕಾಯದೆ ಚಿಕಿತ್ಸೆಯೇ ರೋಗಿಯ ಬಳಿಗೆ ಹೋಗಬೇಕು ಎಂಬ ಅವರ ವಿಚಾರವು ಬೇರೆ ದೇಶಗಳಿಗೂ ಬೇಗನೆ ಹಬ್ಬಿತು. ಕೆಪಾಸಿಟರಿನ ನಿಯಮವು ಬೆಲ್‌ಫಾಸ್ಟಿನಲ್ಲಿ ಹೇಗೋ ಬಳ್ಳಾರಿಯಲ್ಲಿಯೂ ಹಾಗೆಯೇ. ಅದಕ್ಕೆ ರಹದಾರಿ ಬೇಕಿಲ್ಲ.

ಎರಡನೆಯ ಉದಾಹರಣೆ ಆಮ್ಲಜನಕದ ಸಿಲಿಂಡರು. ಒಳಗಿನ ಗಾತ್ರವು 10 ಲೀಟರ್ ಇರುವ ಸಿಲಿಂಡರಿನಲ್ಲಿ ಅನಿಲವನ್ನು 150 ಬಾರ್ ಒತ್ತಡದವರೆಗೆ ತುಂಬಿದೆ ಎಂದಿಟ್ಟುಕೊಳ್ಳೋಣ. ಬಾಯಿಲನ ನಿಯಮದ ಪ್ರಕಾರ, ಹೊರಗಿನ ವಾಯುವಿನ ಒತ್ತಡಕ್ಕೆ ಬಂದಾಗ ಆ ಅನಿಲವು ಸುಮಾರು 1,500 ಲೀಟರಿನಷ್ಟಾಗುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಅದು 150 ನಿಮಿಷಗಳವರೆಗೆ ಸಾಕು. ಮಾಪಕದ ಮುಳ್ಳು ಅರ್ಧಕ್ಕೆ, ಎಂದರೆ 75 ಬಾರಿಗೆ, ಇಳಿದಿದ್ದರೆ 75 ನಿಮಿಷ ಮಾತ್ರ. ಹೋಗಬೇಕಾದ ಆಸ್ಪತ್ರೆ 60 ಕಿಲೋಮೀಟರ್ ದೂರದಲ್ಲಿದ್ದು, ಘಾಟಿಯ ದಾರಿಯಲ್ಲಿ ವಾಹನದ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಆದರೆ ಪ್ರಯಾಣಕ್ಕೆ 90 ನಿಮಿಷ ಬೇಕು. ಅರ್ಧ ತುಂಬಿದ ಸಿಲಿಂಡರು ದಾರಿಯ ನಡುವೆಯೇ ಬರಿದಾಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆ ಬರೆಯುವ ಬಾಯಿಲನ ನಿಯಮವು ಇಲ್ಲಿ ಒಂದು ಜೀವದ ಪ್ರಶ್ನೆಯಾಗಿ ನಿಲ್ಲುತ್ತದೆ.

ಅಳತೆಗಳು ಬದಲಾದಾಗ

ನಿಯಮಗಳು ಬದಲಾಗದಿದ್ದರೂ ಅವುಗಳನ್ನು ಹೇಳುವ ಅಂಕಿಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಮೇಲಿನ ಸಿಲಿಂಡರಿನ ಮಾಪಕವೇ ಅಮೆರಿಕದಲ್ಲಿ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಒತ್ತಡವನ್ನು ತೋರಿಸುತ್ತದೆ. ಒಂದು ಬಾರ್ ಎಂದರೆ ಸುಮಾರು 14.5 ಪೌಂಡು. ಅಲ್ಲಿಯ ಮಾಪಕದಲ್ಲಿ 1,000 ಎಂದು ಕಂಡರೆ ಅದು 69 ಬಾರ್ ಮಾತ್ರ. ಸಿಲಿಂಡರಿನ ಬಣ್ಣವೂ ಬೇರೆ. ನಮ್ಮಲ್ಲಿ ಆಮ್ಲಜನಕದ ಸಿಲಿಂಡರು ಕಪ್ಪು ಮೈ, ಬಿಳಿಯ ಹೆಗಲು ಉಳ್ಳದ್ದು; ಅಮೆರಿಕದಲ್ಲಿ ಹಸಿರು.

ಇದಕ್ಕಿಂತಲೂ ಎಚ್ಚರಿಕೆ ಬೇಕಾದುದು ರಕ್ತದ ಸಕ್ಕರೆಯ ಅಳತೆ. ಭಾರತದಲ್ಲಿ ನಾವು 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆಯೆಂದು ಹೇಳುತ್ತೇವೆ. ಬ್ರಿಟನ್, ಆಸ್ಟ್ರೇಲಿಯ, ಕೆನಡಗಳಲ್ಲಿ ಒಂದು ಲೀಟರಿನಲ್ಲಿ ಎಷ್ಟು ಮಿಲಿಮೋಲ್ ಇದೆಯೆಂದು ಹೇಳುತ್ತಾರೆ. ಗ್ಲೂಕೋಸಿನ ಅಣುತೂಕ 180. ಆದುದರಿಂದ ಒಂದು ಮಿಲಿಮೋಲ್ ಎಂದರೆ 180 ಮಿಲಿಗ್ರಾಂ. ಲೀಟರಿಗೆ 180 ಮಿಲಿಗ್ರಾಂ ಎಂದರೆ 100 ಮಿಲಿಲೀಟರಿಗೆ 18 ಮಿಲಿಗ್ರಾಂ. ಹೀಗಾಗಿ ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರ ಅಂಕಿ ಬರುತ್ತದೆ. ನಮ್ಮ 90 ಅವರಿಗೆ 5. ನಮ್ಮ 360, ಎಂದರೆ ಬಹಳ ಏರಿದ ಸಕ್ಕರೆ, ಅವರಿಗೆ ಕೇವಲ 20. ಅಭ್ಯಾಸಬಲದಿಂದ 20 ಎಂಬ ಅಂಕಿಯನ್ನು ನಮ್ಮ ಅಳತೆಯೆಂದು ಓದಿದವನು, ಸಕ್ಕರೆ ತೀರ ಇಳಿದಿದೆಯೆಂದು ಭಾವಿಸಿ, ಏರಿದ ಸಕ್ಕರೆಯ ರೋಗಿಗೆ ಮತ್ತಷ್ಟು ಗ್ಲೂಕೋಸನ್ನು ಕೊಟ್ಟಾನು!

ಔಷಧಗಳ ಹೆಸರುಗಳಲ್ಲಿಯೂ ಇದೇ ತೊಡಕು. ನಮ್ಮ ಅಡ್ರಿನಲಿನ್ ಅಮೆರಿಕದಲ್ಲಿ ಎಪಿನೆಫ್ರಿನ್. ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ವಸ್ತು ಒಂದೇ, ಹೆಸರು ಎರಡು. ಅಡ್ರಿನಲಿನ್ನಿನ ಸೀಸೆಯ ಮೇಲೆ 'ಸಾವಿರಕ್ಕೆ ಒಂದು' ಎಂದಿದ್ದರೆ 1,000 ಮಿಲಿಲೀಟರಿನಲ್ಲಿ ಒಂದು ಗ್ರಾಂ, ಎಂದರೆ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಔಷಧವಿದೆಯೆಂದು ಅರ್ಥ. 'ಹತ್ತು ಸಾವಿರಕ್ಕೆ ಒಂದು' ಎಂದಿದ್ದರೆ 0.1 ಮಿಲಿಗ್ರಾಂ. ಒಂದು ಸೊನ್ನೆಯನ್ನು ಕಣ್ತಪ್ಪಿ ಓದಿದರೆ ಹತ್ತರಷ್ಟು ವ್ಯತ್ಯಾಸ.

ಹವೆ ಮತ್ತು ರಸ್ತೆ

ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಬೆಳೆದವನು ಶೀತದೇಶದ ಆಂಬುಲೆನ್ಸಿನಲ್ಲಿ ಕುಳಿತರೆ ಕೆಲವು ಎಣಿಕೆಗಳನ್ನು ಹೊಸದಾಗಿ ಮಾಡಬೇಕಾಗುತ್ತದೆ. ಇಲ್ಲಿ ಬಿಸಿಲಿನ ಹೊಡೆತಕ್ಕೆ ಸಿಕ್ಕಿದವನ ಮೈಯನ್ನು ತಂಪು ಮಾಡುವುದು ಮೊದಲ ಕೆಲಸ. ಅಲ್ಲಿ ಹಿಮದಲ್ಲಿ ಬಿದ್ದವನ ಮೈಯನ್ನು ಬೆಚ್ಚಗಿಡುವುದು. ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚಾಗಿ ಶಾಖವನ್ನು ವಹನ ಮಾಡುವುದರಿಂದ, ಒದ್ದೆಯಾದ ಬಟ್ಟೆಯನ್ನು ಕೂಡಲೆ ತೆಗೆಯಬೇಕು. ಮೈಯ ಉಷ್ಣತೆ ಇಳಿದರೆ ರಕ್ತವು ಹೆಪ್ಪುಗಟ್ಟುವ ಶಕ್ತಿಯೂ ಕುಗ್ಗುತ್ತದೆ. ಗಾಯಾಳುವಿಗೆ ಇದು ಎರಡನೆಯ ಪೆಟ್ಟು.

ರಸ್ತೆಯ ವಿಷಯವನ್ನು ನೋಡಿ. ಬ್ರೇಕು ಹಾಕಿದ ವಾಹನವು ನಿಲ್ಲುವ ದೂರವು ವೇಗದ ವರ್ಗಕ್ಕೆ ಅನುಪಾತವಾಗಿಯೂ ಘರ್ಷಣೆಯ ಗುಣಾಂಕಕ್ಕೆ ವಿಲೋಮವಾಗಿಯೂ ಇರುತ್ತದೆ. ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೋಗುವ ಆಂಬುಲೆನ್ಸು, ಗುಣಾಂಕವು 0.7 ಇರುವ ಒಣ ರಸ್ತೆಯಲ್ಲಿ ಸುಮಾರು 16 ಮೀಟರಿನಲ್ಲಿ ನಿಲ್ಲುತ್ತದೆ. ಗುಣಾಂಕವು 0.1 ಇರುವ ಹಿಮಗಟ್ಟಿದ ರಸ್ತೆಯಲ್ಲಿ ಅದಕ್ಕೆ 115 ಮೀಟರ್ ಬೇಕು. ಹೊಸಪೇಟೆಯ ಹೆದ್ದಾರಿಯಲ್ಲಿ ನುರಿತ ಚಾಲಕನ ಕೈಯೂ ಅಲ್ಲಿ ಮತ್ತೊಮ್ಮೆ ಪಾಠ ಕಲಿಯಬೇಕಾಗುತ್ತದೆ.

ಗಡಿಯಲ್ಲಿ ನಿಂತುಬಿಡುವುದು

ಇನ್ನು ಗಡಿಯನ್ನು ತಾನಾಗಿ ದಾಟದ ವಸ್ತು ಯಾವುದು? ಅದು ಅಧಿಕಾರ. ಕಲಿತ ವಿದ್ಯೆ ತಲೆಯಲ್ಲಿದ್ದರೂ, ರೋಗಿಯ ಮೈ ಮುಟ್ಟಿ ಸೂಜಿ ಚುಚ್ಚುವ ಅನುಮತಿಯನ್ನು ಆಯಾ ದೇಶವೇ ಕೊಡಬೇಕು. ಬ್ರಿಟನ್ನಿನಲ್ಲಿ 'ಪ್ಯಾರಾಮೆಡಿಕ್' ಎಂಬ ಹೆಸರೇ ಕಾನೂನಿನ ರಕ್ಷಣೆಗೆ ಒಳಪಟ್ಟಿದೆ. ಅಲ್ಲಿಯ ಆರೋಗ್ಯ ಮತ್ತು ಆರೈಕೆ ವೃತ್ತಿಗಳ ಮಂಡಲಿಯಲ್ಲಿ ನೋಂದಣಿಯಾಗದವರು ಆ ಹೆಸರನ್ನು ಬಳಸುವಂತಿಲ್ಲ. ಆಸ್ಟ್ರೇಲಿಯದಲ್ಲಿ 2018ರ ಡಿಸೆಂಬರ್ 1ರಿಂದ ಇಡೀ ದೇಶಕ್ಕೆ ಒಂದೇ ನೋಂದಣಿ ಜಾರಿಗೆ ಬಂದಿತು. ಅಮೆರಿಕದಲ್ಲಿ 1970ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನೋಂದಣಿ ಸಂಸ್ಥೆಯು ಪರೀಕ್ಷೆಯನ್ನು ನಡೆಸಿದರೂ ಪರವಾನಗಿಯನ್ನು ಕೊಡುವುದು ಆಯಾ ರಾಜ್ಯ. ಕೊಲ್ಲಿ ರಾಷ್ಟ್ರಗಳಲ್ಲಿ ಪ್ರಮಾಣಪತ್ರಗಳನ್ನು, ಅವುಗಳನ್ನು ಕೊಟ್ಟ ಕಾಲೇಜು ಅಥವಾ ಆಸ್ಪತ್ರೆಗೇ ಬರೆದು ಪರಿಶೀಲಿಸುವ ಪದ್ಧತಿಯಿದೆ. ಬಹುಕಡೆ ಇಂಗ್ಲಿಷ್ ಭಾಷೆಯ ಪರೀಕ್ಷೆಯೂ ಉಂಟು. ಪ್ರಾಣಸಂಕಟದಲ್ಲಿರುವವನ ಮಾತು ಅರ್ಥವಾಗದಿದ್ದರೆ ಉಳಿದ ವಿದ್ಯೆಯಿಂದ ಏನು ಪ್ರಯೋಜನ?

ವಿದ್ಯಾರ್ಥಿಗಳು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ನಮ್ಮಲ್ಲಿ ಕೆಲವು ತಿಂಗಳುಗಳ ತರಬೇತಿ ಪಡೆದವರೂ ಪದವಿ ಪಡೆದವರೂ ಒಂದೇ ಆಂಬುಲೆನ್ಸಿನ ಕೆಲಸಕ್ಕೆ ಬರುವುದುಂಟು. ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಪ್ಯಾರಾಮೆಡಿಕ್ ಆಗಲು ಈಗ ಪದವಿ ಮಟ್ಟದ ವ್ಯಾಸಂಗವನ್ನು ಬಯಸುತ್ತಾರೆ. ಹತ್ತು ವರ್ಷ ನೂರಾರು ಜೀವಗಳನ್ನು ಉಳಿಸಿದವನೂ ಕಾಗದದ ಮೇಲೆ ಕಿರಿಯನಾಗಿ ಕಾಣುವ ಸಂಭವವುಂಟು. ಅವನ ಅನುಭವ ಸುಳ್ಳಲ್ಲ; ಆದರೆ ಅದನ್ನು ಅಳೆಯುವ ಕೋಲು ಬೇರೆ. ಭಾರತದಲ್ಲಿ 2021ರಲ್ಲಿ ಬಂದ ಆರೋಗ್ಯ ಸಹವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ತುರ್ತು ವೈದ್ಯಕೀಯ ತಂತ್ರಜ್ಞರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಶಿಕ್ಷಣಕ್ಕೆ ಒಂದು ನಿಶ್ಚಿತ ಮಟ್ಟವನ್ನು ಗೊತ್ತುಪಡಿಸುವ ದಾರಿಯಲ್ಲಿ ಇದೊಂದು ಹೆಜ್ಜೆ. ಆದುದರಿಂದ ವಿದೇಶದ ಆಸೆಯುಳ್ಳವರು ಕೋರ್ಸಿಗೆ ಸೇರುವ ಮೊದಲೇ, ತಾವು ಹೋಗಬೇಕೆಂದಿರುವ ದೇಶವು ಅದನ್ನು ಮಾನ್ಯ ಮಾಡುವುದೇ ಎಂದು ಅಲ್ಲಿಯ ನೋಂದಣಿ ಮಂಡಲಿಯ ನಿಯಮಗಳನ್ನು ಓದಿ ತಿಳಿಯಬೇಕು. ಕೆಲಸದ ಪ್ರತಿಯೊಂದು ಅವಧಿಗೂ ಬರಹದ ದಾಖಲೆಯನ್ನು ಇಟ್ಟುಕೊಳ್ಳಬೇಕು. ಏಜೆಂಟರ ಮೂಲಕ ಹೋಗುವುದಾದರೆ ಅವರು ಭಾರತದ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾದವರೇ ಎಂಬುದನ್ನು ಹಣ ಕೊಡುವ ಮೊದಲು ವಿಚಾರಿಸಬೇಕು. ಹೊಲವನ್ನು ಅಡವಿಟ್ಟ ಮೇಲೆ ವಿಚಾರಿಸುವುದರಲ್ಲಿ ಫಲವಿಲ್ಲ.

ಹೋದವರು, ಉಳಿದವರು

ಒಬ್ಬ ನುರಿತ ತಂತ್ರಜ್ಞನು ಹೊರಟುಹೋದರೆ ಇಲ್ಲಿಯ ಆಂಬುಲೆನ್ಸಿನಲ್ಲಿ ಒಂದು ಸ್ಥಾನ ಬರಿದಾಗುತ್ತದೆ ಎಂಬುದೂ ಸತ್ಯವೇ. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಆರೋಗ್ಯ ಸಿಬ್ಬಂದಿಯ ಅಂತರರಾಷ್ಟ್ರೀಯ ನೇಮಕಾತಿಗೆ ಒಂದು ನೀತಿಸಂಹಿತೆಯನ್ನು ಅಂಗೀಕರಿಸಿತು. ಹೋಗುವವನ ಹಕ್ಕು, ಅವನು ಬಿಟ್ಟುಹೋಗುವ ನಾಡಿನ ಆರೋಗ್ಯದ ಅಗತ್ಯ, ಇವೆರಡನ್ನೂ ತೂಗಿ ನೋಡಬೇಕೆಂಬುದು ಅದರ ತಾತ್ಪರ್ಯ. ದುಡಿಮೆಯನ್ನು ಅರಸಿ ಹೋಗುವ ತರುಣನನ್ನು ದೂಷಿಸುವುದು ನ್ಯಾಯವಲ್ಲ. ಇಲ್ಲಿಯೇ ಗೌರವದ ಸಂಬಳವೂ ಬಡ್ತಿಯೂ ದೊರೆತರೆ ಅನೇಕರು ಉಳಿದಾರು.

ಆದರೆ ಭೌತಶಾಸ್ತ್ರವು ಇಲ್ಲಿ ನಮ್ಮೆಲ್ಲರಿಗೂ ಒಂದು ಮಾತನ್ನು ಹೇಳುತ್ತದೆ. ಹೃದಯವು ನಿಂತಾಗ, ಎದೆಯನ್ನು ಒತ್ತುವವರು ಯಾರೂ ಇಲ್ಲದಿದ್ದರೆ, ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತದೆ. ಹತ್ತು ಹನ್ನೆರಡು ನಿಮಿಷಗಳಲ್ಲಿ ಆಸೆ ಬಹುಮಟ್ಟಿಗೆ ಮುಗಿಯಿತು. ಬೆಟ್ಟದ ಊರಿಗೆ ಅಷ್ಟು ಹೊತ್ತಿನಲ್ಲಿ ಯಾವ ಆಂಬುಲೆನ್ಸು ಬಂದೀತು? ಆ ನಿಮಿಷಗಳನ್ನು ಉಳಿಸಬಲ್ಲವರು ಪಕ್ಕದಲ್ಲಿ ನಿಂತವರು. ಮೊದಲು 108ಕ್ಕೋ 112ಕ್ಕೋ ಕರೆ ಮಾಡಿಸಿ, ಎದೆಯ ನಡುವೆ ಎರಡು ಅಂಗೈಗಳನ್ನೂ ಒಂದರ ಮೇಲೊಂದಿರಿಸಿ, ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಹೈಸ್ಕೂಲಿನ ಹುಡುಗ ಹುಡುಗಿಯರೂ ಕಲಿಯಬಹುದು. ತರಬೇತಿ ಪಡೆದವನೊಬ್ಬನು ದೇಶವನ್ನು ಬಿಡುವ ಮುನ್ನ ತನ್ನ ಊರಿನ ಹತ್ತು ಜನರಿಗೆ ಇದನ್ನು ಕಲಿಸಿ ಹೋದರೆ, ಅವನ ವಿದ್ಯೆಯು ಗಡಿಯನ್ನೂ ದಾಟಿದಂತಾಯಿತು, ಊರಿನಲ್ಲಿಯೂ ಉಳಿದಂತಾಯಿತು.

ಅಭ್ಯಾಸಕ್ಕೆ

1. ಲಂಡನ್ನಿನ ಮಾಪಕವೊಂದು ರಕ್ತದ ಸಕ್ಕರೆಯನ್ನು 3.0 ಎಂದು ತೋರಿಸುತ್ತದೆ. ನಮ್ಮ ಅಳತೆಯಲ್ಲಿ ಇದೆಷ್ಟು?

2. 32 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 2,500 ವೋಲ್ಟಿಗೆ ತುಂಬಿದರೆ ಎಷ್ಟು ಜೂಲ್ ಶಕ್ತಿ ಶೇಖರವಾಗುತ್ತದೆ? ವೋಲ್ಟೇಜನ್ನು ಇಮ್ಮಡಿಸಿದರೆ?

3. 10 ಲೀಟರ್ ಸಿಲಿಂಡರಿನ ಒತ್ತಡ 120 ಬಾರ್. ನಿಮಿಷಕ್ಕೆ 8 ಲೀಟರ್ ಕೊಟ್ಟರೆ ಎಷ್ಟು ಹೊತ್ತು ಬರುತ್ತದೆ?

ಉತ್ತರಗಳು: 1. 54 ಮಿಲಿಗ್ರಾಂ. 2. 100 ಜೂಲ್, 400 ಜೂಲ್. 3. ಸುಮಾರು 150 ನಿಮಿಷ.