ರಾತ್ರಿ ಎಂಟರ ಮೇಲೆ ನೀರಿಲ್ಲ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲೊಂದು ಕಾಯಿದೆ ಜಾರಿಯಲ್ಲಿತ್ತು: ರಾತ್ರಿ ಎಂಟರ ಮೇಲೆ ಮಗನಿಗೆ ನೀರಿಲ್ಲ. ಮಾಡಿದವಳು ನಾನೇ. ಮೂರನೇ ವಯಸ್ಸಿಗೇ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟವನು ಎಂಟಕ್ಕೆ ಮತ್ತೆ ಶುರು ಮಾಡಿದ್ದ. ಹದಿನಾರು ವರ್ಷದಿಂದ ಶಾಲೆಯಲ್ಲಿ ಮಕ್ಕಳನ್ನು ಪಳಗಿಸುತ್ತಾ ಬಂದ ನನಗೆ ಅದು ಶಿಸ್ತಿನ ವಿಷಯವಾಗಿಯೇ ಕಂಡಿತು.

ಕೊಪ್ಪಳದ ಬಿಸಿಲಿನಲ್ಲಿ ಬಾಯಾರಿಕೆಗೆ ಬೇರೆ ಕಾರಣ ಹುಡುಕುವವರು ಯಾರು? "ಬ್ಯಾಸಿಗ್ಯಾಗ ಎಲ್ಲಾ ಹುಡುಗ್ರೂ ನೀರು ಕುಡೀತಾವ, ಬಿಡವಾ" ಅಂದರು ಅತ್ತೆ. ಉಡದಾರ ಸಡಿಲಾಗಿ ತೊಡೆಗೆ ಜಾರತೊಡಗಿದಾಗ ಇನ್ನೊಂದು ಗಂಟು ಹಾಕಿ ಬಿಗಿ ಮಾಡಿದವರೂ ಅವರೇ: "ಎತ್ತರ ಆಗಾಕತ್ತಾನ, ಅದಕ್ಕ ಸಣ್ಣಾಗ್ಯಾನ." ಬಚ್ಚಲಲ್ಲಿ ಅವನು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲುಗಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡು, ಸುತ್ತ ಲಕ್ಷ್ಮಣರೇಖೆ ಗೀಚಿದ್ದೆ.

ಒಂದು ರಾತ್ರಿ ಎರಡು ಗಂಟೆಗೆ ಸಪ್ಪಳವಾಗಿ ಎದ್ದೆ. ಬಚ್ಚಲ ಲೈಟೂ ಹಾಕದೆ, ಸ್ನಾನದ ಬಕೆಟ್ಟಿನಿಂದ ಮಗ್ಗಿನಲ್ಲಿ ಮೊಗೆಮೊಗೆದು ಕುಡಿಯುತ್ತಿದ್ದ. ನನ್ನನ್ನು ಕಂಡಿದ್ದೇ ಮಗ್ಗನ್ನು ಬೆನ್ನ ಹಿಂದೆ ಬಚ್ಚಿಟ್ಟ. ಬಾಯಿಂದ ಕಳಿತ ಹಣ್ಣಿನ ವಾಸನೆ. ಮಾವಿನಹಣ್ಣನ್ನೂ ಕದ್ದು ತಿಂದಿದ್ದಾನೆ ಅಂದುಕೊಂಡು ಒಂದೇಟು ಹಾಕಿದೆ.

ಮರುದಿನ ಹೊಟ್ಟೆನೋವು, ವಾಂತಿ. ಓಣಿಯ ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, "ಗ್ಯಾಸ್ಟ್ರಿಕ್" ಅಂದು ಗ್ಲೂಕೋಸ್ ಬಾಟಲಿ ಏರಿಸಿದರು. ಬೆರಳಿಗೊಂದು ಸೂಜಿ ಚುಚ್ಚಿ ನೋಡಲಿಲ್ಲ. ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ನಮ್ಮ ಮಾವನವರ ಶುಗರ್ ಮಷೀನು ತಿಂಗಳಿಡೀ ಫ್ರಿಜ್ಜಿನ ತಲೆಯ ಮೇಲೇ ಇತ್ತಲ್ಲ. ಅದರ ಕೆಳಗೆ ನಿಂತೇ ಮಗ ದಿನಕ್ಕೆ ಹತ್ತು ಸಲ ನೀರಿನ ಬಾಟಲಿ ತೆಗೆಯುತ್ತಿದ್ದ.

ಸಂಜೆ ಉಸಿರಾಟವೇ ಬದಲಾಯಿತು. ಮಲಗಿದ್ದಲ್ಲೇ ದೂರದಿಂದ ಓಡಿಬಂದವನ ಹಾಗೆ ಏದುತ್ತಿದ್ದ. ಕಣ್ಣು ಬಿಟ್ಟರೂ ನನ್ನ ಗುರುತು ಹತ್ತುತ್ತಿರಲಿಲ್ಲ. ಮಾವನವರಿಗೆ ಏನನಿಸಿತೋ, ಮಷೀನು ತಂದು ಅವನ ಬೆರಳು ಹಿಡಿದರು. ಅಂಕಿ ಬರಲಿಲ್ಲ, 'ಹೈ' ಅಂತ ಬಂತು. 600 ದಾಟಿದರೆ ಆ ಮಷೀನು ಲೆಕ್ಕ ಬಿಟ್ಟುಬಿಡುತ್ತದೆ. ಹುಬ್ಬಳ್ಳಿಗೆ ಕಾರು ಹೊರಟಿತು. ಗದಗ ದಾಟಿ ಅಣ್ಣಿಗೇರಿವರೆಗೂ "ಅವ್ವಾ, ನೀರು" ಅನ್ನುತ್ತಿದ್ದ. ಅಲ್ಲಿಂದಾಚೆ ಅದೂ ನಿಂತಿತು. ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಾ ಕೂತೆ. ಎಣಿಕೆ ತಪ್ಪಿದಾಗಲೆಲ್ಲ ಮತ್ತೆ ಒಂದರಿಂದ.

ಐಸಿಯುನಲ್ಲಿ ಮೂರು ದಿನ. ಟೈಪ್ 1 ಡಯಾಬಿಟಿಸ್ ಅಂದರು. ಇನ್ಸುಲಿನ್ ಇಲ್ಲದೆ ರಕ್ತದಲ್ಲೇ ಉಳಿದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದಂತೆ. ಅಂದರೆ ಹೊಯ್ದು ಹೊಯ್ದು ನೀರಡಿಸಿ ಕುಡಿಯುತ್ತಿದ್ದ ಹುಡುಗನಿಗೆ ಕುಡಿಯುವುದಕ್ಕೇ ಹೊಯ್ಯುತ್ತಾನೆಂದು ನಾನು ನೀರು ಬಂದ್ ಮಾಡಿದ್ದೆ. ಸಕ್ಕರೆ ದಕ್ಕದ ದೇಹ ಕೊಬ್ಬು ಸುಟ್ಟಾಗ ಕೀಟೋನ್ ಎಂಬ ಆಮ್ಲ ಹುಟ್ಟುತ್ತದೆ. ಬಾಯಿಯ ಹಣ್ಣಿನ ವಾಸನೆ ಅದರದ್ದೇ. ಏದುಸಿರು, ಹೊಟ್ಟೆನೋವು, ವಾಂತಿ ಎಲ್ಲಕ್ಕೂ ಅದೇ ಮೂಲ.

"ಚಾಕಲೇಟು ತಿನ್ನಿಸಿ ತಿನ್ನಿಸಿ ತಂದ್ಕೊಂಡ್ರಿ" ಅಂದಳು ನಾದಿನಿ, ಐಸಿಯು ಬಾಗಿಲಲ್ಲೇ. ಸಿಹಿ ತಿಂದು ಬರುವ ರೋಗ ಇದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳ ಮೇಲೆ ತಿರುಗಿಬೀಳುತ್ತದೆ. ಗುಳಿಗೆ, ಕಷಾಯದಿಂದ ಹತೋಟಿಗೆ ಬರುವಂಥದ್ದಲ್ಲ. ಈಗ ದಿನಕ್ಕೆ ನಾಲ್ಕು ಇನ್ಸುಲಿನ್ ಚುಚ್ಚುಮದ್ದು.

ಮಗು ಪದೇಪದೇ ನೀರು ಕುಡಿದರೆ, ಒಂದಕ್ಕೆ ಹೋದರೆ, ಹಾಸಿಗೆ ಒದ್ದೆ ಮಾಡುವ ಬಿಟ್ಟ ಚಾಳಿ ಮರಳಿದರೆ, ತಿಂದರೂ ಸೊರಗಿದರೆ ಅವತ್ತೇ ಶುಗರ್ ನೋಡಿಸಿ. ಖಾಲಿ ಹೊಟ್ಟೆಯೇ ಆಗಬೇಕೆಂದು ನಾಳೆಗೆ ದೂಡಬೇಡಿ. ಜೊತೆಗೆ ವಾಂತಿ, ಏದುಸಿರು, ಮಂಪರು ಸೇರಿದರೆ ಬೆಳಗಾಗುವುದನ್ನೂ ಕಾಯದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ. ಎಚ್ಚರವಿದ್ದು ಕೇಳಿದರೆ ನೀರಂತೂ ಕೊಡಿ.

ಮೊನ್ನೆ ಎರಡನೇ ತರಗತಿಯ ಹುಡುಗಿಯೊಬ್ಬಳು ಊಟಕ್ಕೆ ಮುಂಚೆಯೇ ಮೂರು ಸಲ ಕಿರುಬೆರಳೆತ್ತಿದಳು. ಅವಳ ತಾಯಿಗೆ ಫೋನ್ ಮಾಡಿ, ಶುಗರ್ ನೋಡಿಸುವವರೆಗೂ ಬೆನ್ನು ಬಿಡಲಿಲ್ಲ. 92 ಬಂತು. "ಟೀಚರಿಗೆ ಬ್ಯಾರೆ ಕೆಲ್ಸ ಇಲ್ಲೇನು" ಅಂದಳಂತೆ.